ಮಗಳ ಸಕ್ಕರೆಗೆ ನಾನೊಬ್ಬ ಅನುಯಾಯಿ

ನಾನು ಸ್ವಭಾವತಃ ನಿರ್ಲಿಪ್ತ ಮನುಷ್ಯ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಬೇಸರದ ಸಂಗತಿ, ಆದರೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹೇಳುವ ಹಾಗೆ ಕಾಣುವುದಿಲ್ಲ. ತಿರುವನಂತಪುರದ ಪಟ್ಟಂನಲ್ಲಿರುವ ನಮ್ಮ ಕೇಂದ್ರ ಸರ್ಕಾರದ ಕಚೇರಿಯಲ್ಲಿ ವರ್ಗಾವಣೆಯ ಸುದ್ದಿ ಹಬ್ಬಿದಾಗ ಉಳಿದವರೆಲ್ಲ ಫೋನು ಹಿಡಿದು ಕಾರಿಡಾರಿನಲ್ಲಿ ಶತಪಥ ಹಾಕಿದರೆ, ನಾನು ಡಬ್ಬಿ ಬಿಚ್ಚಿ ಮೊಸರನ್ನ ತಿನ್ನುತ್ತೇನೆ. ಮೈಸೂರು ಬಿಟ್ಟು ಇಲ್ಲಿಗೆ ಬಂದದ್ದೂ ಹೀಗೆ ಮೊಸರನ್ನ ತಿನ್ನುತ್ತಲೇ. ಇಂಥ ನನ್ನ ಸಮಚಿತ್ತವನ್ನು ಕೆಡಿಸಿದ್ದು ಹೆಂಡತಿಯಲ್ಲ, ಮೇಲಧಿಕಾರಿಯಲ್ಲ, ಫೋನಿನೊಳಗೆ ಕೂತಿರುವ ಒಂದು ಸಾಫ್ಟ್‌ವೇರು.

ನನ್ನ ಮಗಳು ಚಿನ್ಮಯಿಗೆ ಚಿಕ್ಕಂದಿನಿಂದ ಟೈಪ್ ಒನ್ ಡಯಾಬಿಟೀಸ್. ಸಿಹಿ ತಿಂದು ಬಂದದ್ದಲ್ಲ. ದೇಹ ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿದೆ, ಅದನ್ನು ಹೊರಗಿನಿಂದ ಕೊಡಬೇಕು, ಅಷ್ಟೆ. ಈ ‘ಅಷ್ಟೆ’ ಡಾಕ್ಟರು ಹೇಳಿದ್ದು. ಹೆಚ್ಚು ಕೊಟ್ಟರೆ ಸಕ್ಕರೆ ಪಾತಾಳಕ್ಕೆ, ಕಮ್ಮಿ ಕೊಟ್ಟರೆ ಆಕಾಶಕ್ಕೆ. ಎಂಟನೆಯ ತರಗತಿಯಲ್ಲಿದ್ದಾಗ ಅವಳು ಒಮ್ಮೆ ಸಕ್ಕರೆ ಇಳಿದು ಶಾಲೆಯ ಮೈದಾನದಲ್ಲಿ ಎಚ್ಚರ ತಪ್ಪಿ ಬಿದ್ದಳು. ನಾನು ಹೋದಾಗ ಬೆಂಚಿನ ಮೇಲೆ ಮಲಗಿಸಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಹೆದರಿಕೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಂಥ ಹುಡುಗಿ ಈಗ ಕೊಚ್ಚಿಯ ಕಾಲೇಜಿನಲ್ಲಿ ಓದುತ್ತಾಳೆ, ಕಲೂರಿನ ಹಾಸ್ಟೆಲಿನಲ್ಲಿ ಇರುತ್ತಾಳೆ. ತೋಳಿಗೆ ನಾಣ್ಯದಷ್ಟು ದೊಡ್ಡ ಸೆನ್ಸರು ಅಂಟಿಸಿಕೊಂಡಿದ್ದಾಳೆ. ಅದು ಗಳಿಗೆಗೊಮ್ಮೆ ಸಕ್ಕರೆಯ ಅಂಕಿಯನ್ನು ಅವಳ ಫೋನಿಗೆ ಕಳಿಸುತ್ತದೆ. ಎಷ್ಟು ಇನ್ಸುಲಿನ್ ಬೇಕೆಂದು ಫೋನು ಲೆಕ್ಕ ಹಾಕಿ ಹೇಳುತ್ತದೆ. ಅವಳು ಅನುಮತಿ ಕೊಟ್ಟರೆ ಅದೇ ಅಂಕಿ ನನ್ನ ಫೋನಿಗೂ ಬರುತ್ತದೆ. ನನ್ನಂಥವರನ್ನು ಸಾಫ್ಟ್‌ವೇರು ‘ಫಾಲೋವರ್’ ಎಂದು ಕರೆಯುತ್ತದೆ. ಯಾವ ಮಠಕ್ಕೂ ಯಾವ ಪಕ್ಷಕ್ಕೂ ನಡೆದುಕೊಳ್ಳದ ನಾನು ಕೊನೆಗೆ ಮಗಳ ಸಕ್ಕರೆಗೆ ಅನುಯಾಯಿಯಾದೆ.

ಸಾಫ್ಟ್‌ವೇರಿನ ಬಗ್ಗೆ ನನಗೆ ತಕರಾರಿಲ್ಲ, ಒಂದನ್ನು ಬಿಟ್ಟು. ತಿಂದದ್ದನ್ನು ಅದಕ್ಕೆ ತಿಳಿಸಬೇಕಲ್ಲ, ಅದರ ತಿಂಡಿಗಳ ಪಟ್ಟಿಯಲ್ಲಿ ಪುಟ್ಟು ಇದೆ, ಅಪ್ಪಂ ಇದೆ, ಬೇಯಿಸಿದ ಮರಗೆಣಸೂ ಇದೆ, ಅಕ್ಕಿರೊಟ್ಟಿ ಇಲ್ಲ. ನನ್ನೊಳಗಿನ ಕನ್ನಡಿಗ ಜಾಗೃತನಾದ. ನಾಲ್ಕು ರೊಟ್ಟಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಸಬ್ಬಸಿಗೆ ಸೊಪ್ಪಿನ ಪ್ರಮಾಣದ ಸಮೇತ ಕಂಪನಿಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. “ರೊಟ್ಟಿ ಆರಿ ಚಕ್ಕಳವಾಯ್ತು, ತೂಗಿದ್ದು ಸಾಕು, ಬನ್ನಿ ತಿನ್ನೋಕೆ” ಎಂದಳು ನನ್ನ ಹೆಂಡತಿ ಸುಮಾ. ಅವಳು ಮಗಳ ಅಂಕಿ ನೋಡುವುದೇ ಇಲ್ಲ. “ಅವಳ ಮೈ, ಅವಳಿಗೆ ಗೊತ್ತು. ನೋಡ್ಕೊಳ್ತಾಳೆ ಬಿಡಿ” ಅನ್ನುತ್ತಾಳೆ. ತಾಯಂದಿರಿಗೆ ಇಷ್ಟೊಂದು ಧೈರ್ಯ ಇರಬಾರದು.

ನಾನು ನೋಡುತ್ತಿದ್ದೆ. ನೋಡಿದ ಮೇಲೆ ಫೋನು ಮಾಡುತ್ತಿದ್ದೆ. “ಏನು ತಿಂದೆ?” ಎಂದರೆ ಆ ಕಡೆಯಿಂದ “ಒನ್ನುಮಿಲ್ಲ ಅಪ್ಪಾ” ಎಂದು ಬರುತ್ತಿತ್ತು, ಅಂದರೆ ಮಲಯಾಳದಲ್ಲಿ ಏನೂ ಇಲ್ಲ. ಇಲ್ಲಿ ಬೆಳೆದ ಮಕ್ಕಳ ಹಾಗೆ ಅವಳೂ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರಿಸುತ್ತಾಳೆ. ಕನ್ನಡ ಆಡುವುದು ಸಿಟ್ಟು ಬಂದಾಗ ಮಾತ್ರ. ಹಾಗಾಗಿ ಮಗಳ ಬಾಯಲ್ಲಿ ತಾಯ್ನುಡಿ ಕೇಳಿದರೆ ನನ್ನ ಎದೆ ಡವಗುಟ್ಟುತ್ತದೆ. ಓಣಂ ಹಬ್ಬಕ್ಕೆ ಗೆಳತಿಯ ಮನೆಯಲ್ಲಿ ಅವಳು ಬಾಳೆಲೆಯ ಮುಂದೆ ಕೂತಿದ್ದಾಗ ನಾನು ಫೋನು ಮಾಡಿ, “ಪಾಯಸ ಎರಡನೇ ಸಲ ಹಾಕಿಸ್ಕೊಂಡ್ಯಾ?” ಎಂದು ಕೇಳಿದೆ. ಫೋನು ಸ್ಪೀಕರಿನಲ್ಲಿತ್ತಂತೆ. ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರಂತೆ. ಅವತ್ತು ಸಂಜೆ ಅವಳು ಅಪ್ಪಟ ಕನ್ನಡದಲ್ಲಿ ಹೇಳಿದಳು: “ಅಪ್ಪಾ, ಇನ್ನೊಂದ್ಸಲ ನನ್ನ ಮರ್ಯಾದೆ ತೆಗೆದ್ರೆ ನಿನ್ನನ್ನ ಫಾಲೋವರ್ ಲಿಸ್ಟಿಂದ ಕಿತ್ತು ಹಾಕ್ತೀನಿ. ಆಮೇಲೆ ನಂಬರ್ರೂ ಇಲ್ಲ, ಏನೂ ಇಲ್ಲ.” ನಾನು “ಆಗಲಿ” ಎಂದೆ. ಆ ಅಂಕಿ ನಿಂತುಹೋದರೆ ನಾನು ಬದುಕುವುದು ಹೇಗೆ? ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡೆ.

ಹೀಗಿರುವಾಗ ಪರೀಕ್ಷೆ ಮುಗಿಸಿ ಅವಳು ಮಧ್ಯಾಹ್ನದ ರೈಲಿನಲ್ಲಿ ಮನೆಗೆ ಹೊರಟಳು. ರೈಲು ಆಲಪ್ಪುಳ ದಾಟಿರಬೇಕು, ಕಚೇರಿಯಲ್ಲಿ ನನ್ನ ಫೋನು ಕಿರುಚಿತು. ಸಕ್ಕರೆ ಎಪ್ಪತ್ತರ ಕೆಳಗೆ ಹೋಗಬಾರದು, ಐವತ್ನಾಲ್ಕು ಆಗಿದೆ, ಇನ್ನೂ ಇಳಿಯುತ್ತಿದೆ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೈದಾನದ ಬೆಂಚು ಕಣ್ಣ ಮುಂದೆ ಬಂತು. ಆದರೂ ನಾನು ಗಾಬರಿಯಾಗಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಕೇರಳದಲ್ಲಿರುವ ಕನ್ನಡಿಗರಿಗೆ ಒಂದು ವಾಟ್ಸಾಪ್ ಗುಂಪಿದೆ. ಬ್ಯಾಂಕಿನವರು, ನಮ್ಮಂಥ ಕಚೇರಿಯವರು. ಬ್ಯಾಡಗಿ ಮೆಣಸಿನಕಾಯಿ ಯಾರು ತರುತ್ತಾರೆ, ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಯಾರು ಮಾಡುತ್ತಾರೆ ಎಂಬುದು ಬಿಟ್ಟು ಅಲ್ಲಿ ಬೇರೆ ಚರ್ಚೆಯಿಲ್ಲ. ಆ ಗುಂಪಿನಲ್ಲಿ ಸಮಚಿತ್ತದಿಂದ ಬರೆದೆ: ಮಗಳ ಸಕ್ಕರೆ ಇಳಿದಿದೆ, ಫೋನು ಎತ್ತುತ್ತಿಲ್ಲ, ರೈಲಿನಲ್ಲೋ ದಾರಿಯ ಸ್ಟೇಷನ್ನಿನಲ್ಲೋ ಯಾರಿದ್ದರೂ ದಯವಿಟ್ಟು ಏನಾದರೂ ಸಿಹಿ ತಿನ್ನಿಸಿ. ಕೆಳಗೆ ಬೋಗಿ, ಸೀಟು, ಮಗಳ ಫೋಟೊ.

ಹೊರನಾಡ ಕನ್ನಡಿಗರಲ್ಲಿ ಒಗ್ಗಟ್ಟಿಲ್ಲ ಎನ್ನುವವರ ಬಾಯಿಗೆ ಮಣ್ಣು ಹಾಕ. ಅದೇ ರೈಲಿನಲ್ಲಿ ರಜೆ ಮುಗಿಸಿ ಬರುತ್ತಿದ್ದ ಧಾರವಾಡದ ಕುಲಕರ್ಣಿಯವರು ಪೇಡೆಯ ಡಬ್ಬಿ ಹಿಡಿದು ಬೋಗಿಯಿಂದ ಬೋಗಿಗೆ ಓಡಿದರು. ಕಿಟಕಿಗೆ ಒರಗಿ ನಿದ್ದೆ ಹೋಗಿದ್ದ ಇವಳನ್ನು ಎಬ್ಬಿಸಿದರು. “ಏಳವ್ವಾ, ಮೊದ್ಲ ಇದನ್ನ ತಿನ್ನು. ಅಲ್ಲೆ ನಿಮ್ಮಪ್ಪಾರು ಅಳಾಕತ್ತಾರ.” ಇವಳು ಕಣ್ಣುಜ್ಜಿಕೊಂಡು ಚೀಲದಲ್ಲಿದ್ದ ಫೋನು ತೆಗೆದು, ಐವತ್ನಾಲ್ಕು ನೋಡಿ, ನಂಬಿ, ತಿಂದಳು. ಎದುರಿಗಿದ್ದ ಮಲಯಾಳಿ ಹೆಂಗಸು “ಕಳಿಕ್ಕ್ ಮೋಳೇ”, ತಿನ್ನು ಮಗಳೇ ಎಂದು ತಮ್ಮ ಸಿಹಿ ಚಹವನ್ನೂ ಕುಡಿಸಿದರು. ಕೊಲ್ಲಂನಲ್ಲಿ ಮಂಗಳೂರಿನ ಶೆಣೈ ಮಾಮಿ ಕಿಟಕಿಯಿಂದ ಹಲ್ವ ತೂರಿಸಿದರು. ಸಾಕು ಎಂದರೆ, “ಎಂತ ಸಾಕು ಮಾರಾಯ್ತಿ? ನೀನು ಬಾಯಿಗೆ ಹಾಕುವುದು ನೋಡದೆ ನಾನು ಹೋಗುವುದಿಲ್ಲ” ಎಂದು ರೈಲು ಹೊರಡುವವರೆಗೂ ಕಿಟಕಿಯ ಸರಳು ಬಿಡಲಿಲ್ಲ. ವರ್ಕಲದಲ್ಲಿ ಇನ್ನೊಬ್ಬರು ಫ್ಲಾಸ್ಕಿನಲ್ಲಿ ಶ್ಯಾವಿಗೆ ಪಾಯಸದೊಂದಿಗೆ ಕಾದಿದ್ದರು. ಇತ್ತ ನನ್ನ ಫೋನಿನಲ್ಲಿ ಅಂಕಿ ನೂರಾಯಿತು, ಅಬ್ಬ ಎಂದೆ. ಇನ್ನೂರಾಯಿತು, ಕುರ್ಚಿಯಿಂದ ಎದ್ದೆ. ಮುನ್ನೂರು ದಾಟಿತು. ಗುಂಪಿನಲ್ಲಿ “ಸಾಕು, ಧನ್ಯವಾದ” ಎಂದು ಬರೆದೆ. ಕೈಮುಗಿಯುವ ಚಿತ್ರಗಳ ನಡುವೆ ಅದು ಎಲ್ಲಿ ಮುಳುಗಿತೋ ಯಾರೂ ಓದಲಿಲ್ಲ.

ಸ್ಟೇಷನ್ನಿನಿಂದ ಮನೆಯವರೆಗೂ ಆಟೋದಲ್ಲಿ ಅವಳು ಕನ್ನಡದಲ್ಲೇ ಮಾತಾಡಿದಳು. “ಸೆನ್ಸರ್ ಇರೋ ತೋಳನ್ನ ಕಿಟಕಿಗೆ ಒತ್ಕೊಂಡು ಮಲಗಿದ್ದೆ ಅಪ್ಪಾ. ಒತ್ತಿದ್ರೆ ಅದು ಸುಳ್ಳು ಸುಳ್ಳೇ ಕಮ್ಮಿ ತೋರ್ಸುತ್ತೆ. ಪಕ್ಕಕ್ಕೆ ಹೊರಳಿದ್ರೆ ಸರಿಹೋಗ್ತಿತ್ತು. ನಿದ್ದೆಗಣ್ಣಲ್ಲಿ ನಂಗೂ ಹೊಳೀಲಿಲ್ಲ. ಈಗ ಬೆರಳು ಚುಚ್ಚಿ ನೋಡ್ದೆ, ಈ ಮುನ್ನೂರು ಮಾತ್ರ ಸುಳ್ಳಲ್ಲ.” ಎಷ್ಟೋ ವರ್ಷ ಅವಳ ಪಾಯಸದ ಲೋಟ ಕಾದವನು ನಾನು. ಅವಳ ಜನ್ಮದಲ್ಲಿ ಇಷ್ಟು ಸಿಹಿ ಒಟ್ಟಿಗೆ ತಿನ್ನಿಸಿದವನೂ ನಾನೇ ಆದೆ. ನಾಚಿಕೆಯಾಯಿತು.

ಮನೆಗೆ ಬಂದು ಇನ್ಸುಲಿನ್ ತೆಗೆದುಕೊಂಡಳು, ನೀರು ಕುಡಿದಳು, ಸೋಫಾದ ಮೇಲೆ ಕಾಲು ಮಡಚಿ ಕೂತು ಫೋನು ತೆರೆದಳು. ನನ್ನ ಹೆಸರು ಅಳಿಸುವ ಹೊತ್ತು ಬಂತೆಂದು ಗೊತ್ತಾಯಿತು. “ಕಿತ್ತು ಹಾಕಮ್ಮ, ನಾನೇನೂ ಅಂದ್ಕೊಳ್ಳಲ್ಲ” ಎಂದೆ. ಅವಳು ತಲೆಯೆತ್ತದೆ ಏನೋ ಟೈಪ್ ಮಾಡುತ್ತಿದ್ದಳು. ಹಿಂದಿನಿಂದ ಬಗ್ಗಿ ನೋಡಿದ ಸುಮಾ ನಗತೊಡಗಿದಳು. ಸಕ್ಕರೆ ಅಷ್ಟು ಏರಿದರೆ ಸಾಫ್ಟ್‌ವೇರು ಕಾರಣ ಕೇಳುತ್ತದೆ. ಊಟ, ಜ್ವರ, ಒತ್ತಡ ಎಂದು ಮೂರು ಗುಂಡಿಗಳಿವೆ, ಯಾವುದೂ ಅಲ್ಲದಿದ್ದರೆ ನಾವೇ ಬರೆಯಬಹುದು. ಮಗಳು ‘ಅಪ್ಪ’ ಎಂದು ಬರೆದಿದ್ದಳು. ಕಿತ್ತು ಹಾಕಿರಲಿಲ್ಲ.

ಒಮ್ಮೆ ಬರೆದ ಕಾರಣವನ್ನು ಆ ಸಾಫ್ಟ್‌ವೇರು ಮರೆಯುವುದಿಲ್ಲವಂತೆ. ಈಗ ಒತ್ತಡದ ಪಕ್ಕದಲ್ಲಿ ನಾನೂ ಒಂದು ಕಾಯಂ ಗುಂಡಿ. ಅವಳು ಯಾವುದನ್ನು ಒತ್ತಿದರೂ ನನ್ನ ಫೋನಿಗೆ ತಿಳಿಯುತ್ತದೆ. ಮೊನ್ನೆ ಅವಳು ಕಲೂರಿನಲ್ಲಿದ್ದಾಗ ಸಕ್ಕರೆ ಸ್ವಲ್ಪ ಏರಿತು. ನಾನು ಮೊಸರನ್ನ ತಿನ್ನುತ್ತ ಕಾರಣ ನೋಡಿದರೆ ‘ಅಪ್ಪ’ ಎಂದಿದೆ. ಇದು ಅನ್ಯಾಯ. ವಾರದಿಂದ ನಾನು ಒಂದು ಫೋನೂ ಮಾಡಿರಲಿಲ್ಲ. ಡಬ್ಬಿ ಬದಿಗಿಟ್ಟು ತಕ್ಷಣ ಫೋನು ಮಾಡಿದೆ, “ನಾನೇನು ಮಾಡಿದೆನಮ್ಮಾ?”

“ಫೋನ್ ಮಾಡ್ತೀಯ ಅಂತ ಗೊತ್ತಿತ್ತಪ್ಪಾ, ಮೊದಲೇ ಒತ್ತಿಟ್ಟೆ” ಎಂದಳು ನಗುತ್ತ, ಕನ್ನಡದಲ್ಲೇ.