ಗಿರಿಜಕ್ಕನ ಭಾನುವಾರದ ಸಿನಿಮಾ

ನನಗೆ ಹೊಟ್ಟೆಕಿಚ್ಚಿನ ಸ್ವಭಾವವೇ ಇಲ್ಲವೆಂದು ಬಹಳ ವರ್ಷ ನಂಬಿಕೊಂಡಿದ್ದೆ. ಸಹೋದ್ಯೋಗಿಗಳು ಹೊಸ ಸ್ಕೂಟರ್ ಕೊಂಡರೆ ಖುಷಿಯಿಂದ ಸಿಹಿ ತಿಂದು ಬರುತ್ತಿದ್ದೆ. ತಮ್ಮನಿಗೆ ನನಗಿಂತ ಮೊದಲೇ ಬಡ್ತಿ ಸಿಕ್ಕಿದಾಗಲೂ ನಿದ್ದೆ ಕೆಟ್ಟಿರಲಿಲ್ಲ. ಆದರೆ ಯಾರನ್ನು ಕಂಡರೆ ಉರಿಯುತ್ತದೆ ಎಂಬುದು ಮನುಷ್ಯನಿಗೆ ಮೊದಲೇ ಗೊತ್ತಿರುವುದಿಲ್ಲ. ನನಗೆ ಉರಿದದ್ದು ಪಕ್ಕದ ಮನೆಯ ಗಿರಿಜಕ್ಕನನ್ನು ಕಂಡು.

ನಾನು ಕುಂದಾಪುರದ ಹೈಸ್ಕೂಲೊಂದರಲ್ಲಿ ಕನ್ನಡ ಮಾಷ್ಟ್ರು, ಬಾಡಿಗೆಗಿರುವುದು ಕಡಲ ಬದಿಯ ಕೋಡಿಯಲ್ಲಿ. ಮನೆಗೆ ಕೇಬಲ್ ಟಿ.ವಿ. ಬಂದದ್ದೇ, ಮೂರನೇ ಕ್ಲಾಸಿನ ಮಗಳು ಅನಿತಾಳ ಕಣ್ಣಿಗೆ ಕೆಟ್ಟದ್ದೇನೂ ಬೀಳಬಾರದೆಂದು ರಿಮೋಟನ್ನು ನನ್ನ ವಶಕ್ಕೆ ತೆಗೆದುಕೊಂಡೆ. ನಾಯಕ ನಾಯಕಿಯ ಕೈ ಹಿಡಿದರೆ ಸಾಕು, ನನ್ನ ಹೆಬ್ಬೆರಳು ವಾರ್ತೆಯ ಕಡೆ ಓಡುತ್ತಿತ್ತು. ಬೆರಳು ತಡವಾದರೆ, "ಅನಿತಾ, ಒಂದ್ ಲೋಟ ನೀರ್ ತಕಂಡ್ ಬಾ" ಎನ್ನುತ್ತಿದ್ದೆ. ಕೆಲವೇ ದಿನಗಳಲ್ಲಿ ಅವಳು ನನಗಿಂತ ಚುರುಕಾದಳು. ನಾಯಕಿ ಮರದ ಹಿಂದೆ ಹೋದ ಕೂಡಲೇ ತಾನಾಗಿ ನೀರು ತಂದು, "ಅಪ್ಪಯ್ಯ, ಇನ್ನೊಂದ್ ಲೋಟ ಬೇಕಾ? ಇದ್ ಉದ್ದ ಹಾಡ್" ಎಂದಳು. ಹೆಂಡತಿ ಶಾರದೆ ಅಡಿಗೆಮನೆಯಲ್ಲಿ ನಕ್ಕದ್ದು ನನಗೆ ಕೇಳಿಸಿತು.

ಆಮೇಲೆ ಭಾನುವಾರ ಮಧ್ಯಾಹ್ನ ಅನಿತಾ ಮನೆಯಲ್ಲಿ ಸಿಗುವುದೇ ನಿಂತಿತು. ಗಿರಿಜಕ್ಕನ ತಮ್ಮ ಮುಂಬೈಯಿಂದ ಸಿ.ಡಿ. ಪ್ಲೇಯರ್ ತಂದುಕೊಟ್ಟಿದ್ದನಂತೆ. ಬೆಳಿಗ್ಗೆ ಮೀನು ಮಾರಿ ಬಂದು, ಊಟ ಮುಗಿಸಿ, ಕೇರಿಯ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಅವಳು ಹಿಂದಿ ಸಿನಿಮಾ ಹಾಕುತ್ತಿದ್ದಳು. ಮಕ್ಕಳಿಗೆ ಏನು ತೋರಿಸುತ್ತಾಳೆಂದು ಕಣ್ಣಾರೆ ಕಾಣಲು ಒಂದು ಭಾನುವಾರ ಅವಳ ಕಿಟಕಿಯ ಬಳಿ ನಿಂತೆ.

ಟಿ.ವಿ.ಗೆ ಧ್ವನಿಯೇ ಇರಲಿಲ್ಲ. ಗಿರಿಜಕ್ಕ ಪಕ್ಕದಲ್ಲಿ ನಿಂತು ತಾನೇ ಕಥೆ ಹೇಳುತ್ತಿದ್ದಳು. ನಾಯಕ ನಾಯಕಿಯ ಮುಖದ ಹತ್ತಿರ ಬಾಗಿದ. "ಪಾಪ, ಆ ಹೆಣ್ಣಿನ ಕಣ್ಣಿಗೆ ಹೊಯ್ಗೆ ಬಿದ್ದಿತ್ ಕಾಣಿ, ಅವ ಊದಿ ತೆಗಿತಾ ಇದ್ದ" ಎಂದಳು. ಖಳನಾಯಕ ಚೂರಿ ಎತ್ತಿದ. "ಅಂಜಲ್ ಮೀನ್ ತಾ ಅಂದ್ರೆ ಅಗ್ಗದ ಬಂಗಡೆ ತಂದಿದ. ಸಿಟ್ಟ್ ಬಪ್ಪುದಿಲ್ಯಾ?" ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನನ್ನ ಮಗಳು. ಹದಿನೈದು ವರ್ಷ ಪಾಠ ಮಾಡಿದ ನನ್ನ ಎದುರು ಒಂದು ಮಗುವೂ ಹಾಗೆ ಕಣ್ಣರಳಿಸಿ ಕೂತಿರಲಿಲ್ಲ.

ಮುಂದಿನ ವಾರ ನಾನೂ ಸಿ.ಡಿ. ಪ್ಲೇಯರ್ ಬಾಡಿಗೆಗೆ ತಂದೆ. ಶಾರದೆಯಿಂದ ಗೋಳಿಬಜೆ ಮಾಡಿಸಿ ಮಕ್ಕಳನ್ನು ಕರೆದೆ. ಟಿ.ವಿ.ಯ ಧ್ವನಿ ನಿಲ್ಲಿಸಿ, "ಇವರೀರ್ವರೂ ಗ್ರಾಮದ ಸ್ವಚ್ಛತೆಯ ಕುರಿತು ಚರ್ಚಿಸುತ್ತಿದ್ದಾರೆ" ಎಂದೆ. ಗೋಳಿಬಜೆ ಮುಗಿಯುವವರೆಗೆ ಮಕ್ಕಳು ಕೂತರು. ಕೊನೆಗೆ ಉಳಿದ ಅನಿತಾ ಕನಿಕರದಿಂದ, "ಅಪ್ಪಯ್ಯ, ನಿಮ್ಗೆ ಗಿರಿಜಕ್ಕನ ಹಾಂಗೆ ಹೇಳುಕೆ ಬತ್ತಿಲ್ಯಾ?" ಎಂದಳು.

ಆ ಕನಿಕರ ನನ್ನಿಂದ ಒಂದು ಸಣ್ಣತನ ಮಾಡಿಸಿತು. ಮರುದಿನವೇ ಗಿರಿಜಕ್ಕನ ಬಾಗಿಲಿಗೆ ಹೋಗಿ, "ಮಕ್ಳಿಗೆ ಇಂತಾ ಸಿನಿಮಾ ತೋರ್ಸುದ್ ಸರಿ ಅಲ್ಲ" ಎಂದು ಗಂಭೀರವಾಗಿ ಹೇಳಿದೆ. ಅವಳ ಮುಖ ಬಾಡಿತು. "ಮಾಷ್ಟ್ರು ಹೇಳಿರೆ ಆಯ್ತ್" ಎಂದಳು, ಅಷ್ಟೇ. ಮುಂದಿನ ಭಾನುವಾರ ಅವಳು ಟಿ.ವಿ. ಹಚ್ಚಲಿಲ್ಲ. ಅನಿತಾ ನನ್ನ ಪಕ್ಕದಲ್ಲಿ ಬಂದು ಕೂರಲೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಗೆದ್ದಿದ್ದೆ, ಆದರೆ ಅನ್ನ ಸೇರಲಿಲ್ಲ.

ಸಂಜೆ ಮತ್ತೆ ಗಿರಿಜಕ್ಕನ ಮನೆಗೆ ಹೋಗಿ, ಬಾಯಿಗೆ ಬಾರದ ಮಾತನ್ನು ಹೇಗೋ ಹೊರಡಿಸಿದೆ. "ತಪ್ಪಾಯ್ತ್ ಗಿರಿಜಕ್ಕ. ನಿಮ್ಮಷ್ಟ್ ಚೆಂದ ಸೆನ್ಸಾರ್ ಮಾಡುಕೆ ನನ್ನಿಂದ ಆತಿಲ್ಲ."

"ಎಂತ ಸೆನ್ಸಾರ್ ಮಾಷ್ಟ್ರೆ?" ಅವಳು ಗಾಬರಿಯಾದಳು. "ಆ ಮಿಷನ್ ಬಂದ ದಿನವೇ ಸೌಂಡ್ ಹಾಳಾಯಿತ್. ನಂಗ್ ಹಿಂದಿಯೂ ಬತ್ತಿಲ್ಲ. ಮಕ್ಕಳ್ ಕಥೆ ಎಂತದ್ ಅಂತ ಕೇಣ್ತೊ, ಬಾಯಿಗ್ ಬಂದದ್ ಹೇಳಿದೆ."

ಈಗ ಭಾನುವಾರದ ಸಿನಿಮಾ ಮತ್ತೆ ಶುರುವಾಗಿದೆ, ನಾನೂ ಹೋಗುತ್ತೇನೆ. ಮೊನ್ನೆ ಮಕ್ಕಳನ್ನು ಕಾಯುವ ಹುಮ್ಮಸ್ಸಿನಲ್ಲಿ ಎಲ್ಲರಿಗಿಂತ ಮುಂದೆ ಕೂತೆ. ಸಿನಿಮಾ ಶುರುವಾಗಿ ಎರಡು ನಿಮಿಷವಾಗಿರಲಿಲ್ಲ, ಹಿಂದಿನಿಂದ ಅನಿತಾಳ ದನಿ ಕೇಳಿತು: "ಅಪ್ಪಯ್ಯ, ಬದಿಗ್ ಹೋಯ್ನಿ, ಎಂತದೂ ಕಾಣ್ತಿಲ್ಲ." ಆ ಕೋಣೆಯಲ್ಲಿ ಮಕ್ಕಳ ಕಣ್ಣೆದುರಿನಿಂದ ತೆಗೆಯಬೇಕಾಗಿ ಬಂದದ್ದು ನನ್ನೊಬ್ಬನನ್ನೇ.