ಪೀಣ್ಯಕ್ಕಿಂತ ದಿಲ್ಲಿ ಹತ್ತಿರ

ನಮ್ಮ ಯಜಮಾನರ ಸೋದರಮಾವನ ಭೂಗೋಳವನ್ನು ನಂಬಿ ಹೊರಟವರು ಊಟದ ಹೊತ್ತಿಗೆ ಮನೆ ಸೇರುವುದಿಲ್ಲ. ಅವರ ಪ್ರಕಾರ ಊರಿನ ಈ ತುದಿಯ ಬ್ರೂಕ್‌ಫೀಲ್ಡಿನ ನಮ್ಮ ಮನೆಗೆ ದಿಲ್ಲಿ ಹತ್ತಿರ, ಅದೇ ಊರಿನ ಆ ತುದಿಯ ಪೀಣ್ಯ ದೂರ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸಿ ನಿವೃತ್ತರಾದವರು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಬದಲಿಸಿ ಸವೆದವರು.

"ಬಸ್ಸಿಗೆ ಮೂರು ತಾಸು, ವಿಮಾನಕ್ಕ ಎರಡೂವರಿ. ಯಾವುದು ಹತ್ತಿರ, ನೀನೇ ಹೇಳವಾ."

ಕಾನ್ವೆಂಟಿನಲ್ಲಿ ಕಲಿತ ನಾನು ಮಗಳ ಅಟ್ಲಾಸು ತಂದು ತೋರಿಸಿದೆ.

ಅದರ ಮೇಲೆ ನನ್ನ ಹೊಲಿಗೆ ದಾರ ಎಳೆದು ದಿನಾ ಅಳೆಯುತ್ತಿದ್ದರು. ನಾಗಪುರ ಅವರ ಬೆರಳಿನ ಎಣ್ಣೆಯಲ್ಲಿ ಮುಳುಗಿಹೋಗಿತ್ತು.

"ಮಧ್ಯೆ ಬೆಟ್ಟ, ನದಿ ಎಲ್ಲಾ ಇದೆಯಲ್ಲ ಮಾಮಾ?" ಎಂದೆ.

"ಇರಲಿ ಬಿಡು. ಮಾರತ್ತಹಳ್ಳಿ ಸೇತುವಿ ಮ್ಯಾಲಿನ ಟ್ರಾಫಿಕ್ ಇಲ್ಲಲ್ಲ."

ಇಷ್ಟಕ್ಕೆಲ್ಲ ಕಾರಣವಿತ್ತು. ದಿಲ್ಲಿಯಲ್ಲಿ ಅವರ ಅಕ್ಕ, ನಮ್ಮ ಯಜಮಾನರ ದೊಡ್ಡಮ್ಮ, ಹಾಸಿಗೆ ಹಿಡಿದಿದ್ದರು. ತಾಯಿಯಿಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದಾಕೆ. ಬಾಯಿಗೆ ಏನೂ ರುಚಿಸುತ್ತಿಲ್ಲ, ಬಿಸಿ ಜೋಳದ ರೊಟ್ಟಿ ಒಂದು ತುತ್ತು ಸಿಕ್ಕರೆ ಸಾಕು ಎಂದು ಫೋನಿನಲ್ಲಿ ಹೇಳಿದ್ದರು. ಅಲ್ಲಿನ ಪಂಜಾಬಿ ಸೊಸೆಗೆ ಅದನ್ನು ತಟ್ಟಲು ಬಾರದು. ನನಗೆ ಬರುತ್ತದೆ, ಬರುತ್ತದೆಂದು ನನ್ನ ನಂಬಿಕೆ. ಮಾಮಾ ನನ್ನ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ದಪ್ಪ ಎಲ್ಲಾ ಕಡೆ ಒಂದೇ ಇಲ್ಲ. ಪೀಣ್ಯದಾಗಾಗಿದ್ರ ವಾಪಸ್ ಕಳಸ್ತಿದ್ವಿ" ಎಂದರು.

ಆದರೂ ಬಿಸಿ ಆರದಂತೆ ದಿಲ್ಲಿಗೆ ಒಯ್ಯುವ ತಾಲೀಮು ಅದೇ ರೊಟ್ಟಿಯಿಂದ ಶುರುವಾಯಿತು. ಬಿಳಿ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಮೇಲೆ ಟವೆಲು, ಅದರ ಮೇಲೆ ಸ್ವೆಟರು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಸೋಫಾದ ಮೇಲೆ ಎರಡೂವರೆ ತಾಸು ಅಲುಗಾಡದೆ ಕೂತರು. ಕಾಫಿ ತಂದರೆ, "ಬ್ಯಾಡ, ಭೋಪಾಲದ ಮ್ಯಾಲ ಅದೀನಿ" ಎಂದರು. ಕೊನೆಗೆ ತೆರೆದು ನೋಡಿದರೆ ರೊಟ್ಟಿ ನಿಜಕ್ಕೂ ಬೆಚ್ಚಗಿತ್ತು. ಮಾಮಾ ದಿಲ್ಲಿ ಗೆದ್ದವರಂತೆ ಎದ್ದು ನಿಂತರು.

"ಮಾಮಾ, ಮೊದ್ಲೇ ಹೋಗಿ ಏರ್‌ಪೋರ್ಟಿನಾಗ ಕಾಯಬೇಕು. ಇಳಿದ ಮ್ಯಾಲ ಟ್ಯಾಕ್ಸಿ ಹಿಡೀಬೇಕು," ಎಂದರು ನಮ್ಮ ಯಜಮಾನರು.

"ಅದು ವಿಮಾನದ ಲೆಕ್ಕದಾಗ ಬರಂಗಿಲ್ಲ."

ಜೀವನದಲ್ಲಿ ಮೊದಲ ಬಾರಿ ವಿಮಾನ ಹತ್ತಲಿದ್ದವರಿಗೆ ಹೇಳಿ ಪ್ರಯೋಜನವೇನು? ಹೊರಡುವ ದಿನ ಚಪ್ಪಲಿ ಮೆಟ್ಟಿಯೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ತವೆಯಿಂದ ನೇರವಾಗಿ ಡಬ್ಬಿಗೆ ಹಾಕಿಸಿಕೊಂಡರು. ಬಿಸಿಲಲ್ಲಿ ಸ್ವೆಟರು ತೊಟ್ಟು, ಒಳಗೆ ಡಬ್ಬಿ ಅವಚಿಕೊಂಡು, ಆಟೋ ಹತ್ತಿದರು. ಬಸುರಿಯೆಂದು ಭಾವಿಸಿ ಯಾರಾದರೂ ಸೀಟು ಬಿಟ್ಟುಕೊಟ್ಟಾರು ಎಂದು ನಾವು ನಕ್ಕಿದ್ದೇ ನಕ್ಕಿದ್ದು.

ಸಂಜೆ ದಿಲ್ಲಿಯಿಂದ ಫೋನು ಬಂತು.

"ರೊಟ್ಟಿ ಬಿಸಿ ಇತ್ತಾ ಮಾಮಾ?"

"ತಪಾಸಣಿ ಮಾಡಾವ್ರು ಎಲ್ಲಾ ಬಿಚ್ಚಿಸಿದ್ರು. ಮ್ಯಾಲ ವಿಮಾನ ತಡ. ಇಲ್ಲಿ ಬರೂದ್ರಾಗ ತಣ್ಣಗ ಕಲ್ಲಾಗಿತ್ತವಾ."

ಅವರ ದನಿ ಸಣ್ಣದಾಯಿತು.

"ಅಕ್ಕ ಒಂದು ಚೂರು ಬಾಯಾಗಿಟ್ಕೊಂಡ್ಳು. ನನಗೂ ಒಂದು ಚೂರು ಮುರದು ಕೊಟ್ಟು, 'ಸಾವಕಾಶ ತಿನ್ನೋ ತಮ್ಮಾ, ಸುಡತೈತಿ' ಅಂದ್ಳು."

"ನೀವೇನಂದ್ರಿ ಮಾಮಾ?"

"ಏನನ್ಲಿ? ಊದಿಕೋಂತ ತಿಂದೆ."