ಪಾಂಗ್ ಅಣ್ಣನ ಬಾಗಿಲಿನ ಚರಟ

ಮಾವ್‌ಲಿನ್ ಮಾಡಿದ ತಪ್ಪು ಇಷ್ಟೇ: ಕಷಾಯದ ಚರಟವನ್ನು ನಡುದಾರಿಗೆ ಚೆಲ್ಲುವ ಬದಲು ನಸುಕಿನಲ್ಲಿ ಪಕ್ಕದ ಮನೆಯ ಪಾಂಗ್ ಅಣ್ಣನ ಬಾಗಿಲಿಗೆ ಚೆಲ್ಲಿದ.

ಚರಟ ತುಳಿದವರ ಕಾಲಿಗಂಟಿಕೊಂಡು ರೋಗ ಹೊರಟುಹೋಗುತ್ತದೆ ಎಂದು ಝೆನ್‌ಜಿಯಾಂಗ್ ಊರಿನ ಆ ಓಣಿಯಲ್ಲಿ ಎಲ್ಲರೂ ನಂಬುತ್ತಾರೆ. ಮಾವ್‌ಲಿನ್‌ಗೆ ಇಪ್ಪತ್ತು ದಿನದಿಂದ ಮೂಗು ಕಟ್ಟಿತ್ತು. ಅವನಿಗೋ ವಿನೆಗರ್ ಕಾರ್ಖಾನೆಯಲ್ಲಿ ಜಾಡಿ ಮೂಸಿ ಹುಳಿಯ ಹದ ಹೇಳುವ ಕೆಲಸ. ಅಂದು ಮಧ್ಯಾಹ್ನ ಹಿರಿಯ ಮೂಸುಗಾರನ ಹುದ್ದೆಗೆ ಪರೀಕ್ಷೆ. ಎದುರಾಳಿ ಪಾಂಗ್ ಅಣ್ಣ ಒಬ್ಬನೇ. ರೋಗ ಹೇಗೂ ಯಾರಿಗಾದರೂ ಹೋಗಬೇಕು, ಉಪಯೋಗವಾಗುವ ಕಡೆಗೇ ಹೋಗಲಿ ಎಂದುಕೊಂಡಿದ್ದ.

ಬೆಳಗಾಗುತ್ತಲೇ ಓಣಿಯೆಲ್ಲ ಅಲ್ಲಿ ಸೇರಿತು. ಔಷಧಿ ಅಂಗಡಿಯಲ್ಲಿ ನಲವತ್ತು ವರ್ಷ ತಕ್ಕಡಿ ಹಿಡಿದಿದ್ದ ಶಿ ಅಜ್ಜಿ ಊರುಗೋಲಿನಿಂದ ಚರಟ ಕೆದಕಿದಳು.

"ಮ್ಯಾಗ್ನೋಲಿಯಾ ಮೊಗ್ಗು, ಮುಳ್ಳುಕಾಯಿ, ಪುದೀನ. ಇದು ಮೂಗು ಕಟ್ಟಿದೋರ ಕಷಾಯ ಕಣ್ರೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ರೂಢಿ. ಮಾವ್‌ಲಿನ್ ಮೂಗು ಮುಟ್ಟಿಕೊಂಡ. ಇಪ್ಪತ್ತು ದಿನದಿಂದ ಅವನು ಸೀನುವ ಸದ್ದಿಗೇ ಏಳುತ್ತಿದ್ದ ಜನಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಪರೀಕ್ಷೆಯ ದಿನವೇ ಎದುರಾಳಿಯ ಬಾಗಿಲು ಹುಡುಕಿದ್ದಾನಲ್ಲ ಎಂದು ಒಬ್ಬಳು ಉಳಿದವರಿಗೆ ಬಿಡಿಸಿ ಹೇಳಿದಳು.

ಪಾಂಗ್ ಅಣ್ಣ ಹೊರಬಂದ. ಚರಟವನ್ನು ನೋಡಿದ, ಮಾವ್‌ಲಿನ್‌ನನ್ನು ನೋಡಿದ.

"ಇದಕ್ಯಾಕಯ್ಯ ಕದ್ದು ಬರ್ಬೇಕಿತ್ತು? ಕೇಳಿದ್ರೆ ನಾನೇ ಬಂದು ತುಳೀತಿದ್ನಲ್ಲ."

ಹಾಗೆಂದವನೇ ಎರಡೂ ಕಾಲಲ್ಲಿ ಚೆನ್ನಾಗಿ ತುಳಿದ. ಹೆಂಡತಿಯನ್ನೂ ಕರೆದು ತುಳಿಸಿದ. ಅವನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾವ್‌ಲಿನ್‌ಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸುವಷ್ಟು ನಾಚಿಕೆಯಾಯಿತು.

ಮಧ್ಯಾಹ್ನ ಪಾಂಗ್ ಅಣ್ಣ ಮೊದಲ ಜಾಡಿಯನ್ನೇ ಪಕ್ಕಕ್ಕೆ ಸರಿಸಿದ. ಬೆಳಗಿನಿಂದ ಮೂಗು ಕಟ್ಟಿದೆ, ತನ್ನಿಂದಾಗದು ಎಂದು ಎದ್ದುಹೋದ. ಉಳಿದವನು ಒಬ್ಬನೇ ಆದ್ದರಿಂದ ಮೇನೇಜರು ಪರೀಕ್ಷೆಯ ಗೋಜಿಗೂ ಹೋಗದೆ ಮಾವ್‌ಲಿನ್‌ಗೆ ಹುದ್ದೆ ಕೊಟ್ಟರು.

ಚರಟ ಕೆಲಸ ಮಾಡಿಬಿಟ್ಟಿತ್ತು. ಒಳ್ಳೆಯವನೊಬ್ಬನ ಮೂಗು ಹಾಳು ಮಾಡಿದೆನಲ್ಲ ಎಂಬ ಸಂಕಟದಲ್ಲಿ, ತನ್ನ ಮೂಗು ಇನ್ನೂ ಬಿಟ್ಟಿಲ್ಲ ಎಂಬುದನ್ನೂ ಮಾವ್‌ಲಿನ್ ಯೋಚಿಸಲಿಲ್ಲ. ಸಂಜೆ ಹೆಂಡತಿ ಒಲೆಯ ಮೇಲೆ ಮೀನಿಟ್ಟು, ನೋಡಿಕೋ ಎಂದು ಹೇಳಿ ಶುಂಠಿ ತರಲು ಹೋದಳು. ಅವನು ಹೊಸ್ತಿಲಲ್ಲಿ ಕೂತು ಕ್ಷಮೆ ಕೇಳುವ ಮಾತುಗಳನ್ನು ಬಾಯಿಪಾಠ ಮಾಡತೊಡಗಿದ. ಹಾದುಹೋದವರೆಲ್ಲ 'ಹಿರಿಯ ಮೂಸುಗಾರರು' ಎಂದು ತಲೆಬಾಗಿ ಮುಂದೆ ಹೋದರು.

ಅಷ್ಟರಲ್ಲಿ ಗೋಡೆಯಾಚೆಯಿಂದ ಪಾಂಗ್ ಅಣ್ಣನ ದನಿ ಬಂತು.

"ಮಾವ್‌ಲಿನ್, ನಿಮ್ಮನೆ ಮೀನು ಸೀದೋಗ್ತಿದೆ, ನೋಡಯ್ಯ."

ಒಳಗೆ ಓಡಿದರೆ ಮೀನು ಇದ್ದಿಲಾಗಿತ್ತು. ಬಾಣಲೆ ಹಿಡಿದು ಹೊರಬಂದವನು ಗೋಡೆಯತ್ತ ನೋಡುತ್ತ ನಿಂತುಬಿಟ್ಟ.

"ಮೂಗು ಕಟ್ಟಿದೆ ಅಂದೋನಿಗೆ ಗೋಡೆ ಆಚೆಯಿಂದ ವಾಸನೆ ಬಂತು," ಎಂದಳು ಓಣಿಯಲ್ಲಿ ಹೋಗುತ್ತಿದ್ದ ಶಿ ಅಜ್ಜಿ. "ನಾಳೆ ಅಷ್ಟೂ ಜಾಡಿ ಮೂಸೋರು ಯಾರಪ್ಪ?"